ಮುಳ್ಳಜ್ಜನ ಭೂತಕಾಲ

ನನ್ನ ದೊಡ್ಡಪ್ಪ ಸತ್ತರು ಅನ್ನುವ ಸುದ್ದಿ ಊರಲ್ಲಿ ಹಬ್ಬಿದ ವಾರ ದೊಡ್ಡಪ್ಪ ತಮ್ಮ ಅಂಗಡಿಯಲ್ಲಿ ಕೂತು ಅರ ಹಿಡಿದು ಹಿತ್ತಾಳೆ ಉಜ್ಜುತ್ತಿದ್ದರು. ಮೈ ಗಟ್ಟಿಯಾಗಿತ್ತು, ಬಾಯಿ ಅದಕ್ಕಿಂತ ಗಟ್ಟಿಯಾಗಿತ್ತು. ಸುದ್ದಿ ಹಬ್ಬಿಸಿದವಳು ನಾನು. ಬೇಕಂತ ಮಾಡಿದ್ದಲ್ಲ, ಒಂದು ಕ್ರಿಯಾಪದ ಕೈಕೊಟ್ಟಿತು.

ನಾನು ಊರಿನ ಸಂಗ್ರಹಾಲಯದಲ್ಲಿ ಫಲಕ ಬರೆಯುವವಳು. ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ ಅಂಗೈಯಗಲದ ಬಿಳಿ ಕಾರ್ಡು ಇರುತ್ತದಲ್ಲ, ಇದು ಏನು, ಯಾವ ಕಾಲದ್ದು, ಯಾತಕ್ಕೆ ಬೇಕಿತ್ತು ಅಂತ ಹೇಳುವಂಥದ್ದು, ಅದನ್ನು ಬರೆಯುವುದಕ್ಕೆ ನನಗೆ ಸಂಬಳ. ಅದನ್ನು ಯಾರೂ ಓದುವುದಿಲ್ಲ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಮಳೆ ಬಂದರೆ ಜನ ಒಳಗೆ ಬರುತ್ತಾರೆ, ನಿಂತರೆ ಹೊರಗೆ ಹೋಗುತ್ತಾರೆ. ಮೊದಲ ಸಾಲಿನ ಮೇಲೆ ಕಣ್ಣಾಡಿಸುತ್ತಾರೆ, ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಮಗುವಿಗೆ ಬಾತ್‌ರೂಮಿನ ಅವಸರ. ಆ ಒಂದು ಸಾಲಿನಲ್ಲಿ ನೂರಾರು ವರ್ಷ ತುರುಕಿ, ಒಬ್ಬರ ತಲೆಗಾದರೂ ಹೋಗಲಿ ಅಂತ ಕಾಯುವುದು ನನ್ನ ಕೆಲಸ. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವುದು ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ನನ್ನ ಮೇಜು ತೋರಿಸುತ್ತೇನೆ.

ನಮ್ಮ ನಿರ್ದೇಶಕರು ಒಳ್ಳೆಯವರು, ಆದರೆ ನಿಯಮದ ಮನುಷ್ಯ. ಪೆನ್ನಿನ ಟೋಪಿ ಕಳೆದುಹೋದರೆ ಪೆನ್ನನ್ನೂ ಬಳಸದವರು. ಫಲಕಗಳ ಬಗ್ಗೆ ಅವರದು ಒಂದೇ ಆಜ್ಞೆ: ಸಂಗ್ರಹಾಲಯದಲ್ಲಿ ಒಂದೇ ಕಾಲ, ಅದು ಭೂತಕಾಲ. ಹಾಗಾಗಿ ನಾನು ಕೆಲಸಕ್ಕೆ ಸೇರಿದಾಗಿನಿಂದ ಬಳಸುತ್ತಿದ್ದರು, ಬೀಸುತ್ತಿದ್ದರು, ನೇಯುತ್ತಿದ್ದರು, ಕಾಯುತ್ತಿದ್ದರು ಅಂತ ಬರೆದೂ ಬರೆದೂ ಮನೆಯಲ್ಲೂ ಹಾಗೇ ಮಾತಾಡುವಂತಾಗಿತ್ತು. ಊಟ ಆಯಿತಾ ಅಂದರೆ ಮಾಡುತ್ತಿದ್ದೆವು ಅನ್ನುತ್ತೀಯ ಅಂತ ನನ್ನ ಗಂಡ ಆಡಿಕೊಳ್ಳುತ್ತಿದ್ದ.

ಕೈಕಸುಬುಗಳಿಗೆ ಒಂದು ಹೊಸ ಕೋಣೆ ಮಾಡಬೇಕು ಅಂತ ತೀರ್ಮಾನವಾದಾಗ ನಾನು ದೊಡ್ಡಪ್ಪನ ಹತ್ತಿರ ಹೋಗಿ ಒಂದು ತಕ್ಕಡಿ ಕೇಳಿದೆ. ದೊಡ್ಡಪ್ಪ ತಕ್ಕಡಿ ಮಾಡುವವರು. ಎರಡು ತಟ್ಟೆ, ಮೇಲೊಂದು ಕೋಲು, ಕೋಲಿನ ನಡುವೆ ನಿಂತು ಎಡವೋ ಬಲವೋ ಅಂತ ಹೇಳುವ ಸಣ್ಣ ಕಡ್ಡಿ. ಆ ಕಡ್ಡಿಗೆ ಮುಳ್ಳು ಅನ್ನುತ್ತಾರೆ. ಅದರಿಂದಲೇ ಊರು ಅವರನ್ನು ಮುಳ್ಳಜ್ಜ ಅಂತ ಕರೆಯುವುದು ಎಂದು ದೊಡ್ಡಪ್ಪ ನಂಬಿದ್ದರು. ಅವರ ನಾಲಿಗೆಯ ರುಚಿ ಕಂಡವರಿಗೆ ನಿಜವಾದ ಕಾರಣ ಗೊತ್ತಿತ್ತು, ಯಾರೂ ಹೇಳಿರಲಿಲ್ಲ.

ಅವರು ಕೊಟ್ಟದ್ದು ಪ್ರಾಯದಲ್ಲಿ ಮಾಡಿದ, ಯಾರಿಗೂ ಮಾರದೆ ಇಟ್ಟುಕೊಂಡಿದ್ದ ತಕ್ಕಡಿ. ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ತೂಗುಹಾಕಿದೆವು. ಗೋಡೆಯ ಮೇಲೆ ದೊಡ್ಡಪ್ಪನ ಒಂದು ಫೋಟೋ, ಚೌಕಟ್ಟು ಹಾಕಿ. ಕೆಳಗೆ ನನ್ನ ಫಲಕ: 'ಊರಿನ ಅಂಗಡಿಗಳಿಗೆಲ್ಲ ಇಂಥ ತಕ್ಕಡಿಗಳನ್ನು ಮುಳ್ಳಜ್ಜ ಎಂದೇ ಹೆಸರಾದ ಕುಶಲಕರ್ಮಿ ಮಾಡುತ್ತಿದ್ದರು.' ಬರೆಯುವಾಗ ಕೈ ಅದರ ಪಾಡಿಗೆ ಅದು ಓಡಿತು. ನಾನು ಎರಡನೆಯ ಸಲ ನೋಡಲೂ ಇಲ್ಲ.

ನನ್ನ ಫಲಕಗಳನ್ನು ಯಾರೂ ಓದುವುದಿಲ್ಲ ಅಂದೆನಲ್ಲ, ಇದನ್ನು ಊರೇ ಓದಿತು. ಫೋಟೋ ಗೋಡೆ ಹತ್ತಿದೆ, ಕೆಳಗೆ 'ಮಾಡುತ್ತಿದ್ದರು' ಅಂತ ಇದೆ, ಇನ್ನೇನು ಬೇಕು? ಮುಳ್ಳಜ್ಜ ಹೋದರಂತೆ, ಪಾಪ, ಬಾಯಿ ಒರಟಾದರೂ ತೂಕ ಸರಿಯಾಗಿತ್ತು, ಅಂತ ಬಾಯಿಂದ ಬಾಯಿಗೆ ಹೋಯಿತು. ಹಿತ್ತಾಳೆ ತಗಡು ತಂದುಕೊಡುವವನು ಆ ತಿಂಗಳು ತರಲೇ ಇಲ್ಲ. ಬಟ್ಟೆ ಅಂಗಡಿಯ ಯಜಮಾನಿ ನೇರ ಮನೆಗೇ ಬಂದು ದೊಡ್ಡಮ್ಮನ ಕೈ ಹಿಡಿದುಕೊಂಡು ಅಳತೊಡಗಿದಳು. ಇವಳ ಮನೆಯಲ್ಲೇ ಏನೋ ಆಗಿದೆ ಅಂದುಕೊಂಡ ದೊಡ್ಡಮ್ಮ ಅವಳನ್ನು ಕೂರಿಸಿ, ನೀರು ಕೊಟ್ಟು, ಜೊತೆಗೆ ತಾನೂ ನಾಲ್ಕು ಹನಿ ಹಾಕಿದಳು.

"ಯಾವಾಗ ಆಯ್ತಮ್ಮ?" ಅಂತ ದೊಡ್ಡಮ್ಮ ಕೇಳಿದಳಂತೆ.

"ನೀವೇ ಹೇಳ್ಬೇಕು ಅಕ್ಕಾ."

ಅಷ್ಟರಲ್ಲಿ ಬಚ್ಚಲಿನಿಂದ ಟವಲು ಸುತ್ತಿಕೊಂಡು ದೊಡ್ಡಪ್ಪ ಹೊರಗೆ ಬಂದು, "ಬಿಸಿನೀರು ಇಷ್ಟೇನಾ?" ಅಂದರು. ಬಟ್ಟೆ ಅಂಗಡಿಯವಳು ಚಪ್ಪಲಿ ಬಿಟ್ಟು ಓಡಿದಳು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂದ ಹಾಗಾಯ್ತು ನೋಡು ಅಂತ ದೊಡ್ಡಮ್ಮ ನನಗೆ ಫೋನಿನಲ್ಲಿ ಹೇಳುವಾಗ ನಕ್ಕೂ ನಕ್ಕೂ ಅವಳಿಗೆ ಕೆಮ್ಮು ಹತ್ತಿತು. ನಾನು ನಗಲಿಲ್ಲ. ಫಲಕದ ಕೊನೆಯ ಪದ ನನಗೆ ಆಗಲೇ ನೆನಪಾಗಿತ್ತು.

ಮರುದಿನ ಬೆಳಿಗ್ಗೆ ದೊಡ್ಡಪ್ಪ ಸಂಗ್ರಹಾಲಯಕ್ಕೆ ಬಂದರು. ಟಿಕೆಟ್ ಕೊಡುವವಳು ಅವರನ್ನು ನೋಡಿ ಟಿಕೆಟ್ ಕೇಳುವುದನ್ನೇ ಮರೆತಳು. ದೊಡ್ಡಪ್ಪ ತಮ್ಮ ಫೋಟೋದ ಎದುರು ನಿಂತು ನನ್ನನ್ನು ಕರೆಸಿದರು.

"ಇದನ್ನ ಓದು. ನಾನು ಕನ್ನಡಕ ತಂದಿಲ್ಲ."

ಓದಿದೆ. ಕೊನೆಯ ಪದಕ್ಕೆ ಬಂದಾಗ ದನಿ ತಾನಾಗೇ ಇಳಿಯಿತು.

"'ತ್ತಿದ್ದರು' ಅಂದ್ರೆ ಯಾವ ಕಾಲ?"

"ಭೂತಕಾಲ, ದೊಡ್ಡಪ್ಪ."

"ಭೂತ! ಸರಿಯಾಗಿ ಹೇಳಿದೆ. ಬದುಕಿರೋ ಮನುಷ್ಯನನ್ನ ಭೂತ ಮಾಡಿ ಗೋಡೆಗೆ ನೇತುಹಾಕಿದೀಯ. ಮೂರು ಹೊತ್ತು ನಮ್ಮ ಮನೇಲಿ ಉಂಡು ಬೆಳೆದೋಳು ನೀನು."

ಗಲಾಟೆ ಕೇಳಿ ನಿರ್ದೇಶಕರು ಬಂದರು. "ಯಜಮಾನರೇ, ಇದು ನಮ್ಮ ನಿಯಮ. ಬಳಕೆಯಿಂದ ಹೊರಗೆ ಹೋದ ವಸ್ತು ಮಾತ್ರ ಇದರ ಒಳಗೆ ಬರುತ್ತೆ. ಒಳಗೆ ಬಂತು ಅಂದ್ಮೇಲೆ ಭೂತಕಾಲ."

"ವಸ್ತು ಒಳಗಿದೆ ಸ್ವಾಮಿ. ನಾನು ಹೊರಗಿದ್ದೀನಿ."

ನಿರ್ದೇಶಕರು ಒಮ್ಮೆ ಫೋಟೋ, ಒಮ್ಮೆ ದೊಡ್ಡಪ್ಪನ ಮುಖ ನೋಡಿದರು. ಆದರೆ ನಿಯಮ ಇತ್ತು. ನಿಯಮ ಬದಲಿಸಲು ಸಮಿತಿ ಸೇರಬೇಕು, ಸಮಿತಿ ಸೇರಲು ಕಾರಣ ಬೇಕು, ಒಬ್ಬರು ಬದುಕಿದ್ದಾರೆ ಅನ್ನುವುದು ಸಾಕಷ್ಟು ದೊಡ್ಡ ಕಾರಣವೋ ಅಲ್ಲವೋ ಅಂತ ಯೋಚಿಸಬೇಕು ಅಂದರು. ನಾನೂ ನಾಲ್ಕು ಮಾತು ಆಡಿ ನೋಡಿದೆ. ಬಂಡೆಗೆ ತಲೆ ಚಚ್ಚಿಕೊಂಡ ಹಾಗಾಯಿತು.

ದೊಡ್ಡಪ್ಪನಿಗೆ ಅಷ್ಟು ಉರಿದದ್ದು ಯಾಕೆ ಅಂತ ನನಗೆ ಗೊತ್ತಿತ್ತು. ಅವರ ಅಂಗಡಿಗೆ ಗಿರಾಕಿ ಬರುವುದು ನಿಂತು ಎಷ್ಟೋ ಕಾಲವಾಗಿತ್ತು. ಬೀದಿಯಲ್ಲೆಲ್ಲ ಬ್ಯಾಟರಿ ತಕ್ಕಡಿ ಬಂದಿತ್ತು. ಆದರೂ ದಿನಾ ಬಾಗಿಲು ತೆಗೆದು, ಕಸ ಗುಡಿಸಿ, ಅರ ಹಿಡಿದು ಕೂರುತ್ತಿದ್ದರು. ಯಾರಾದರೂ ಏನು ಮಾಡ್ತೀರಿ ಅಂದರೆ ತಕ್ಕಡಿ ಮಾಡ್ತೀನಿ ಅನ್ನಬಹುದಲ್ಲ, ಅವರಿಗೆ ಉಳಿದಿದ್ದ ಆಸ್ತಿ ಆ ಒಂದು ಮಾತು. ಅದನ್ನು ನಾನು ಕಿತ್ತುಕೊಂಡಿದ್ದೆ, ಅದೂ ಕೈತಪ್ಪಿನಿಂದ. ನನಗೆ ನನ್ನ ಮೇಲೇ ಸಿಟ್ಟು ಬಂತು.

ದೊಡ್ಡಪ್ಪ ಸಮಿತಿಗೆ ಕಾಯುವ ಪೈಕಿ ಅಲ್ಲ. ಆವತ್ತಿನಿಂದ ದಿನಾ ಬಂದು ತಮ್ಮ ಫೋಟೋದ ಕೆಳಗೆ ಒಂದು ಸ್ಟೂಲು ಹಾಕಿಕೊಂಡು ಕೂತರು. ಯಾರು ಬಂದರೂ ಬೆರಳು ಮೇಲೆ ತೋರಿಸಿ, "ಅದು ನಾನೇ. ಬದುಕಿದ್ದೀನಿ. ಬೇಕಾದ್ರೆ ಮುಟ್ಟಿ ನೋಡಿ" ಅನ್ನುತ್ತಿದ್ದರು. ಜನ ನಗುತ್ತಿದ್ದರು, ನಿಲ್ಲುತ್ತಿದ್ದರು. ನಿಂತವರನ್ನು ಮುಳ್ಳಜ್ಜ ಸುಮ್ಮನೆ ಬಿಡುವುದುಂಟೇ? ಗಾಜಿನ ಬಾಗಿಲು ತೆಗೆಸು ಅಂತ ನನ್ನನ್ನು ಪೀಡಿಸಿದರು. ನಿರ್ದೇಶಕರು ಊಟಕ್ಕೆ ಹೋದ ಹೊತ್ತು ನೋಡಿ ನಾನು ತೆಗೆದೆ.

ಆ ಪೆಟ್ಟಿಗೆಯಲ್ಲಿ ತಕ್ಕಡಿಯ ಜೊತೆ ಹಳೆಯ ಮಾರುಕಟ್ಟೆಯ ತೂಕದ ಕಲ್ಲುಗಳೂ ಇದ್ದವು. ಕಲ್ಲು ಅನ್ನುವುದು ಹೆಸರಿಗೆ, ಎಲ್ಲವೂ ಕಬ್ಬಿಣ. ನೋಡುವುದಕ್ಕೆ ಒಂದೇ ಥರದ ಎರಡು ಕಲ್ಲನ್ನು ದೊಡ್ಡಪ್ಪ ಜನರ ಕೈಗೆ ಕೊಟ್ಟು ತೂಗಿ ನೋಡಿ ಅನ್ನುತ್ತಿದ್ದರು. ಒಂದರ ಹೊಟ್ಟೆ ಕೊರೆದು ಟೊಳ್ಳು ಮಾಡಿ ಮೇಣ ತುಂಬಿತ್ತು.

"ಇದು ಕೊಳ್ಳೋ ಕಲ್ಲು, ಇದು ಮಾರೋ ಕಲ್ಲು. ಒಂದೇ ಅಂಗಡಿ, ಒಬ್ಬನೇ ಯಜಮಾನ, ಎರಡು ಕಲ್ಲು. ಬೆಳೆದ ರೈತ ಮಾರೋಕೆ ಬಂದ್ರೆ ಭಾರದ್ದು ತೆಗೀತಿದ್ದ, ಬಡವಿ ಕೊಳ್ಳೋಕೆ ಬಂದ್ರೆ ಹಗುರದ್ದು. ಹಿಂದಿನೋರು ಒಳ್ಳೇರು ಅಂತೀರಲ್ಲ, ನೋಡಿ ನಿಮ್ಮ ಒಳ್ಳೇರನ್ನ!"

ಆಮೇಲೆ ಹೇಳುತ್ತಿದ್ದರು, ಜನ ಹೇಗೆ ರೇಗಿ ಮಾರುಕಟ್ಟೆಗೆ ನುಗ್ಗಿದರು, ಹೇಗೆ ಊರಿಗೆಲ್ಲ ಒಂದೇ ಕಲ್ಲು ಬೇಕು ಅಂತ ಹಟ ಹಿಡಿದು ಕೂತರು, ಸರಿಯಾದ ಕಲ್ಲಿಗೆ ಮುದ್ರೆ ಒತ್ತುವುದು ಹೇಗೆ ಬಂತು ಅಂತ. ಇದೆಲ್ಲ ಆ ಕಲ್ಲುಗಳಿಗೆ ನಾನು ಬರೆದಿದ್ದ ಫಲಕದಲ್ಲೂ ಇತ್ತು, ಮೂರನೆಯ ಸಾಲಿನಲ್ಲಿ. ಅಲ್ಲಿಯ ತನಕ ಯಾರೂ ಬಂದಿರಲಿಲ್ಲ. ಈಗ ಅದೇ ಮಾತನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು, ನನಗೆ ಸಂತೋಷವೂ ಆಯಿತು, ಒಂದಿಷ್ಟು ಹೊಟ್ಟೆಕಿಚ್ಚೂ ಆಯಿತು.

ಕೊನೆಗೆ ತಕ್ಕಡಿ ಪರೀಕ್ಷೆ. ಒಂದು ತಟ್ಟೆಯಲ್ಲಿ ಕಲ್ಲು ಇಟ್ಟು ಇನ್ನೊಂದರಲ್ಲಿ ಮರಳಿನ ಚೀಲ ಇಟ್ಟು ಮುಳ್ಳು ನೇರ ನಿಲ್ಲಿಸುತ್ತಿದ್ದರು. "ಸರಿ ಇದೆಯಾ?" ಅಂದರೆ ಎಲ್ಲರೂ ಇದೆ ಅನ್ನುತ್ತಿದ್ದರು.

"ಅಷ್ಟಕ್ಕೇ ನಂಬಿಬಿಟ್ರಾ? ನಿಮ್ಮಂಥೋರು ಇದ್ದಿದ್ದಕ್ಕೇ ಅವರು ಬಂಗಲೆ ಕಟ್ಟಿದ್ದು. ಈಗ ಆಚೆದು ಈಚೆ ಹಾಕಿ, ಈಚೆದು ಆಚೆ ಹಾಕಿ." ಅದಲು ಬದಲು ಮಾಡಿದರೂ ಮುಳ್ಳು ಅಲ್ಲಾಡುತ್ತಿರಲಿಲ್ಲ. "ನಿಜ ಆದ್ರೆ ಯಾವ ತಟ್ಟೇಲಿ ಕೂತ್ರೂ ನಿಜಾನೇ. ಕೋಲಿನ ಒಂದು ಕಡೆ ಕೂದಲೆಳೆಯಷ್ಟು ಉದ್ದ ಇದ್ರೂ ಇಲ್ಲಿ ಸಿಕ್ಕಿಬೀಳುತ್ತೆ. ಖಾಲಿ ತಕ್ಕಡಿ ನೋಡಿ ಮೋಸ ಹೋಗಬೇಡಿ, ಖಾಲಿ ಇದ್ದಾಗ ಎಲ್ಲರ ತಕ್ಕಡಿನೂ ಸರಿಯೇ."

ಶಾಲೆಯ ಮಕ್ಕಳು ಬಂದ ದಿನ ಆ ಕೋಣೆ ನೋಡಬೇಕಿತ್ತು. ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ ಒಂದನ್ನು ಹಿಡಿದರೆ ಇನ್ನೊಂದು ಹಾರುತ್ತಿತ್ತು. ಪಕ್ಕದ ಕೋಣೆಯಲ್ಲಿ ಅರಸರ ಬಂಗಾರದ ನಾಣ್ಯಗಳು ತಮ್ಮಷ್ಟಕ್ಕೆ ತಾವು ಹೊಳೆದುಕೊಂಡು ಬಿದ್ದಿದ್ದವು. ಊಟಕ್ಕೆ ಹೋಗಿದ್ದ ನಿರ್ದೇಶಕರು ಆವತ್ತು ಬೇಗ ಬಂದುಬಿಟ್ಟರು. ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅವರು, "ಇಷ್ಟು ಜನ ಎಲ್ಲಿದ್ರಮ್ಮಾ ಇಷ್ಟು ದಿನ?" ಅಂತ ಕೇಳಿ ಒಳಗೆ ಹೋದರು. ಮರುವಾರ ಸಮಿತಿ ಸೇರಿತು. ಒಂದು ಫಲಕಕ್ಕೆ ಮಾತ್ರ ವಿನಾಯಿತಿ ಸಿಕ್ಕಿತು.

ಹೊಸ ಫಲಕ ಬರೆದೆ: 'ಇಂಥ ತಕ್ಕಡಿಗಳನ್ನು ಮುಳ್ಳಜ್ಜ ಮಾಡುತ್ತಾರೆ. ಅಂಗಡಿ: ಗಡಿಯಾರದ ಕಂಬದ ಹಿಂದಿನ ಬೀದಿ. ಭಾನುವಾರ ಅವರು ಇಲ್ಲೇ ಸಿಗುತ್ತಾರೆ.' ದೊಡ್ಡಪ್ಪ ಅದನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿದರು. ಆವತ್ತೂ ಕನ್ನಡಕ ತಂದಿರಲಿಲ್ಲ.

ಮುಂದಿನದು ಯಾರ ಲೆಕ್ಕದಲ್ಲೂ ಇರಲಿಲ್ಲ. ಊರಿನ ಹೆಂಗಸರು ಅಂಗಡಿಗಳಲ್ಲಿ ತಟ್ಟೆ ಅದಲುಬದಲು ಮಾಡಿಸತೊಡಗಿದರು. ಬ್ಯಾಟರಿ ತಕ್ಕಡಿ ಇದ್ದ ಕಡೆ, ಮೊದಲು ನಿಮ್ಮ ಕಲ್ಲು ಇಟ್ಟು ತೋರಿಸಿ ಅಂದರು. ತರಕಾರಿಯವನೊಬ್ಬನ ತಕ್ಕಡಿಯ ತಳದಲ್ಲಿ ಅಂಟಿಸಿದ್ದ ಅಯಸ್ಕಾಂತ ಸಿಕ್ಕಿ ಮಾರುಕಟ್ಟೆಯಲ್ಲಿ ದೊಡ್ಡ ರಂಪವಾಯಿತು. ಮೂವರು ವ್ಯಾಪಾರಿಗಳು ಒಟ್ಟಾಗಿ ಬಂದು ನಿಮ್ಮ ಮ್ಯೂಸಿಯಂ ನಮ್ಮ ಹೊಟ್ಟೆಯ ಮೇಲೆ ಹೊಡೀತಿದೆ ಅಂತ ದೂರು ಕೊಟ್ಟರು. ನಿರ್ದೇಶಕರು ಅವರಿಗೆ ಟೀ ಕೊಟ್ಟು ಕಳಿಸಿ, ದೂರಿನ ಪತ್ರಕ್ಕೆ ಚೌಕಟ್ಟು ಹಾಕಿಸಿ ತಮ್ಮ ಕೋಣೆಯಲ್ಲಿ ಇಟ್ಟುಕೊಂಡರು. "ನಾನು ಬಂದ ಮೇಲೆ ಈ ಸಂಗ್ರಹಾಲಯದಿಂದ ಹೊರಗಿನವರ ಬದುಕಿನಲ್ಲಿ ಏನಾದ್ರೂ ಆದದ್ದು ಇದೇ ಮೊದಲು" ಅಂದರು.

ದೊಡ್ಡಪ್ಪನ ಅಂಗಡಿಗೂ ಜನ ಬಂದರು. ಬಹಳ ಮಂದಿ ನೋಡುವುದಕ್ಕೆ, ಕೆಲವರು ಕೊಳ್ಳುವುದಕ್ಕೆ. ಕೈತಕ್ಕಡಿ ಇದ್ದರೆ ಅಂಗಡಿಗೆ ಕಳೆ, ಗಿರಾಕಿಗೂ ನಂಬಿಕೆ ಅಂತ ಒಣಹಣ್ಣಿನ ಅಂಗಡಿಯಾಕೆ ಒಂದು ಮಾಡಿಸಿಕೊಂಡಳು. ದ್ರಾಕ್ಷಿ, ಬಾದಾಮಿಯಂಥ ಬೆಲೆಯ ಸಾಮಾನು ಮಾರುವವಳು, ನಯವಾದ ಹೆಂಗಸು. ದೊಡ್ಡಪ್ಪ ಆ ತಕ್ಕಡಿಗೆ ತಿಂಗಳುಗಟ್ಟಲೆ ಮೈ ಬಗ್ಗಿಸಿದರು. ಸರಪಳಿ ಪೋಣಿಸಲು ಮಾತ್ರ ದೊಡ್ಡಮ್ಮನನ್ನು ಕೂರಿಸಿಕೊಂಡರಂತೆ. ಅವಳು ನನಗೆ ಅದನ್ನು ಹೇಳುವಾಗ ಏನೋ ಸೇರಿಸುವವಳಂತೆ ಬಾಯಿ ತೆಗೆದು, ಮತ್ತೆ ಸುಮ್ಮನಾದಳು. ನಾನೂ ಕೆದಕಲಿಲ್ಲ. ದೊಡ್ಡಪ್ಪ ಹತ್ತು ವರ್ಷ ಚಿಕ್ಕವರಾದ ಹಾಗೆ ಓಡಾಡುತ್ತಿದ್ದರು, ನನಗೆ ಅದೇ ಸಾಕಾಗಿತ್ತು.

ಒಂದು ಭಾನುವಾರ ಕೋಣೆ ತುಂಬಿತ್ತು. ದೊಡ್ಡಪ್ಪ ಟೊಳ್ಳು ಕಲ್ಲಿನ ಕತೆ ಹೇಳುತ್ತಿದ್ದಾಗ ಒಣಹಣ್ಣಿನ ಅಂಗಡಿಯಾಕೆ ಬಾಗಿಲಲ್ಲಿ ಕಂಡಳು. ಕೈಯಲ್ಲಿ ಬಟ್ಟೆ ಸುತ್ತಿದ ಏನೋ ಇತ್ತು. ಕತೆ ಮುಗಿಯುವ ತನಕ ಕಾದು, ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಅಜ್ಜಾ, ಸ್ವಲ್ಪ ಈ ಕಡೆ ಬರ್ತೀರಾ?" ಅಂದಳು.

"ಇಲ್ಲೇ ಹೇಳಮ್ಮ. ನನ್ನ ಹತ್ರ ಗುಟ್ಟು ಏನಿದೆ?"

ಅವಳು ನನ್ನ ಮುಖ ನೋಡಿದಳು. ಆಮೇಲೆ ಬೇರೆ ದಾರಿಯಿಲ್ಲದೆ ಬಟ್ಟೆ ಬಿಚ್ಚಿದಳು. ಹೊಸ ತಕ್ಕಡಿ. "ನಿನ್ನೆ ಒಬ್ಬ ಗಿರಾಕಿ ತಟ್ಟೆ ಬದಲಾಯಿಸಿ ನೋಡಿದ್ಲು. ಇಲ್ಲೇ ಕಲಿತದ್ದಂತೆ. ನಾನು ಹತ್ತು ಸಲ ನೋಡ್ದೆ ಅಜ್ಜಾ. ನನ್ನದೇ ತಪ್ಪಿರಬಹುದು."

ದೊಡ್ಡಪ್ಪ ತಕ್ಕಡಿ ತೆಗೆದುಕೊಂಡು ಕೊಕ್ಕೆಗೆ ತೂಗುಹಾಕಿದರು. ಎಡಕ್ಕೆ ಕಲ್ಲು, ಬಲಕ್ಕೆ ಮರಳು. ಚೀಲದಿಂದ ಚಿಟಿಕೆ ಚಿಟಿಕೆ ಮರಳು ತೆಗೆದು ಸರಿದೂಗಿಸುವಾಗ ಅವರು ಮುಳ್ಳನ್ನು ನೋಡುತ್ತಿರಲಿಲ್ಲ, ಕೋಲಿನ ಮೇಲೆ ಬೆರಳಿಟ್ಟು ಅದರ ನಡುಕ ಕೇಳುತ್ತಿದ್ದರು. ಆಮೇಲೆ ಕಲ್ಲು ಬಲಕ್ಕೆ, ಮರಳು ಎಡಕ್ಕೆ. ಕೈ ಬಿಟ್ಟರು.

"ಮಗಳೇ, ಮುಳ್ಳು ಎಲ್ಲಿದೆ ಹೇಳು."

ಆಗ ನನಗೆ ಎಲ್ಲ ಒಟ್ಟಿಗೆ ತಿಳಿಯಿತು. ಎಂದೂ ತರದ ಕನ್ನಡಕ, ದೊಡ್ಡಮ್ಮ ಪೋಣಿಸಿದ ಸರಪಳಿ, ಅವಳು ನುಂಗಿಕೊಂಡ ಮಾತು. ಮುಳ್ಳು ಬಲಕ್ಕೆ ವಾಲಿತ್ತು. ಕೂದಲೆಳೆಯಷ್ಟಲ್ಲ, ಯಾರಿಗೂ ಕಾಣುವಷ್ಟು. ನೇರ ಇದೆ ಅನ್ನುವ ಮಾತು ನನ್ನ ನಾಲಿಗೆಯ ತುದಿಯಲ್ಲಿ ಬಂದು ಕೂತಿತ್ತು. ಅಂದಿದ್ದರೆ ಅವರು ನಂಬುತ್ತಿದ್ದರೋ ಏನೋ. ಆದರೆ ಕೋಣೆಯಲ್ಲಿ ಇದ್ದವರೆಲ್ಲರಿಗೂ ಮುಳ್ಳು ನೋಡುವುದನ್ನು ಅವರೇ ಕಲಿಸಿದ್ದರು.

"ಬಲಕ್ಕೆ ವಾಲಿದೆ, ದೊಡ್ಡಪ್ಪ."

"ಎಷ್ಟು?"

"ಜಾಸ್ತಿನೇ ಇದೆ."

ಅವರು ಕೋಲನ್ನು ಕೊಕ್ಕೆಯಿಂದ ತೆಗೆದು ಹೆಬ್ಬೆರಳಿನಿಂದ ಒಂದು ತುದಿಯಿಂದ ನಡುವಿನ ತೂತಿನವರೆಗೆ, ಅಲ್ಲಿಂದ ಇನ್ನೊಂದು ತುದಿಯವರೆಗೆ ಅಳೆದರು. ಇನ್ನೊಮ್ಮೆ ಅಳೆದರು. "ತೂತು ನಡುವಿಗಿಲ್ಲ" ಅಂದರು, ಯಾರಿಗೂ ಅಲ್ಲ. ಆಮೇಲೆ ಜನರ ಕಡೆ ತಿರುಗಿ ಎಂದಿನ ದೊಡ್ಡ ದನಿಯಲ್ಲೇ, "ನೋಡಿದ್ರಲ್ಲ? ಹೀಗೇ ಹಿಡೀಬೇಕು. ಮಾಡಿದೋನು ಯಾರೇ ಆಗಿರ್ಲಿ" ಅಂದರು. ಒಣಹಣ್ಣಿನ ಅಂಗಡಿಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ದೊಡ್ಡಪ್ಪ ಅವಳಿಗೆ, "ನೀನು ಯಾಕಮ್ಮ ಅಳ್ತೀಯ? ದ್ರಾಕ್ಷಿ ಕಮ್ಮಿ ತಿಂದೋರು ಅಳಬೇಕು" ಅಂದರು.

ಅವರನ್ನು ಮನೆಗೆ ಬಿಡಲು ಹೋದೆ. ದಾರಿಯುದ್ದಕ್ಕೂ ನನ್ನ ತೋಳು ಹಿಡಿದಿದ್ದರು, ಮೊದಲ ಸಲ. ಮನೆಯಲ್ಲಿ ದೊಡ್ಡಮ್ಮ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದಳು. ಕಣ್ಣಿನ ನರ ಒಣಗುತ್ತಿದೆಯಂತೆ, ಹೋದದ್ದು ವಾಪಸು ಬರಲ್ಲ ಅಂತ ಡಾಕ್ಟರು ಯಾವಾಗಲೋ ಹೇಳಿದ್ದರಂತೆ. "ಯಾರಿಗೂ ಹೇಳ್ಬೇಡ ಅಂದ್ರು. ನೀನು 'ಮಾಡುತ್ತಾರೆ' ಅಂತ ಬರೆದುಕೊಟ್ಟ ಮೇಲಂತೂ ಬಾಯಿಗೆ ಬೀಗ ಹಾಕಿಬಿಟ್ರು. ನಿನ್ನ ಮಾತು ಸುಳ್ಳಾಗಬಾರದಂತೆ." ನಾನು ಅಲ್ಲೇ ಗೋಡೆಗೆ ಒರಗಿ ಅತ್ತೆ. ಈ ಸಲ ದೊಡ್ಡಮ್ಮ ನೀರು ಕೊಡಲಿಲ್ಲ, ಪಕ್ಕದಲ್ಲಿ ನಿಂತುಕೊಂಡಳು.

ಅಂಗಡಿಯ ಬಾಗಿಲು ಕೆಲವು ದಿನ ತೆರೆಯಲಿಲ್ಲ. ಆಮೇಲೆ ಒಂದು ದಿನ ಜನವಿಲ್ಲದ ಹೊತ್ತಿಗೆ ದೊಡ್ಡಪ್ಪ ಸಂಗ್ರಹಾಲಯಕ್ಕೆ ಬಂದು ನನ್ನ ಮೇಜಿನ ಎದುರು ಕೂತರು. ಒಣಹಣ್ಣಿನ ಅಂಗಡಿಯಾಕೆಯ ತಕ್ಕಡಿ ಅವರ ತೊಡೆಯ ಮೇಲಿತ್ತು. ಅವಳ ದುಡ್ಡು ಆವತ್ತೇ ವಾಪಸು ಕೊಟ್ಟಿದ್ದರು.

"ಆ ಫಲಕ ಬದಲಾಯಿಸು. 'ಮಾಡುತ್ತಿದ್ದರು' ಅಂತ ಬರಿ."

"'ಮಾಡಿದ್ದಾರೆ' ಅಂತ ಬರೀತೀನಿ ದೊಡ್ಡಪ್ಪ. ಅದರಲ್ಲಿ ಎಲ್ಲ ಬರುತ್ತೆ. ಈಗ ಮಾಡ್ತಾರೋ ಇಲ್ವೋ ಅಂತ ಯಾರಿಗೂ ಗೊತ್ತಾಗಲ್ಲ."

"ಅದು ಕಲ್ಲಿಗೆ ಮೇಣ ತುಂಬೋ ಕೆಲಸ. ನೇರ ಬರಿ."

ನಿರ್ದೇಶಕರನ್ನು ಕರೆದೆ. ಅವರು ಬಂದು ಕೂತು, ಮಾತು ಕೇಳಿ, ಅಳೆದೂ ಸುರಿದೂ ಕೊನೆಗೆ, "ಯಜಮಾನರೇ, ಇದ್ದದ್ದು ಹಾಗೇ ಇರಲಿ ಬಿಡಿ. ಸಮಿತಿನೂ ಒಪ್ಪಿದೆ" ಅಂದರು. ಭೂತಕಾಲ ಬೇಡ ಅಂತ ಅವರ ಬಾಯಲ್ಲಿ ಕೇಳುತ್ತೇನೆ ಅಂತ ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

"ಸ್ವಾಮಿ, ನೀವು ಅವತ್ತು ನನ್ನನ್ನ ಸುಳ್ಳು ಸುಳ್ಳೇ ಸಾಯಿಸಿದ್ರಿ, ನಾನು ಜಗಳಕ್ಕೆ ಬಂದೆ. ಈಗ ಸುಳ್ಳು ಸುಳ್ಳೇ ಬದುಕಿಸ್ತೀನಿ ಅಂತೀರಿ. ಆ ಕಾರ್ಡು ನಂಬಿ ಜನ ನನ್ನ ಅಂಗಡಿಗೆ ಬಂದಿದ್ದು. ಕಾರ್ಡೇ ತಪ್ಪು ತೂಕ ಹಾಕಿದ್ರೆ ಯಾವ ತಟ್ಟೆ ಬದಲಾಯಿಸಿ ನೋಡ್ತಾರೆ?" ಅಂತ ತೊಡೆಯ ಮೇಲಿದ್ದ ತಕ್ಕಡಿಯನ್ನು ಮೇಜಿನ ಮೇಲೆ ಇಟ್ಟರು. "ಇದನ್ನೂ ಆ ಪೆಟ್ಟಿಗೇಲಿ ಇಡಿ. ಹಳೇದರ ಪಕ್ಕ."

"ಇದನ್ನಾ? ನಿಮ್ಮ ಹೆಸರು ಏನಾಗುತ್ತೆ?" ಅಂದೆ.

"ಹೆಸರು ಮುಳ್ಳಜ್ಜ ತಾನೇ? ನೀವೆಲ್ಲ ಯಾಕೆ ಆ ಹೆಸರು ಇಟ್ರಿ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಚುಚ್ಚೋದು ಮುಳ್ಳಿನ ಗುಣ. ಬರಿ."

ಬರೆದೆ. ಬರೆಯಲು ಇಡೀ ದಿನ ಹಿಡಿಯಿತು. ಎರಡೂ ತಕ್ಕಡಿಗಳನ್ನು ಅಕ್ಕಪಕ್ಕ ತೂಗುಹಾಕಿ, ಗಾಜಿನ ಬಾಗಿಲನ್ನೇ ಕಳಚಿಟ್ಟೆವು. ಫಲಕ ಹಾಕುವ ದಿನ ದೊಡ್ಡಪ್ಪ ಸ್ಟೂಲಿನ ಮೇಲೆ ಕೂತು, ಓದು ಅಂದರು. ಕನ್ನಡಕದ ಮಾತು ಎತ್ತಲಿಲ್ಲ.

"'ಮುಳ್ಳಜ್ಜ ತಕ್ಕಡಿ ಮಾಡುತ್ತಿದ್ದರು. ಈ ಎರಡನ್ನೂ ಮಾಡಿದವರು ಅವರೇ. ಒಂದು ನಿಜ ಹೇಳುತ್ತದೆ, ಒಂದು ಸುಳ್ಳು ಹೇಳುತ್ತದೆ. ಯಾವುದು ಎಂದು ತೂಗಿ ನೋಡಿ. ತಿಳಿಯದಿದ್ದರೆ ಅವರನ್ನೇ ಕೇಳಿ; ಭಾನುವಾರ ಇಲ್ಲೇ ಇರುತ್ತಾರೆ.'"

ದೊಡ್ಡಪ್ಪ ತಲೆ ಬಗ್ಗಿಸಿ ಕೇಳಿದರು.

"'ಮಾಡುತ್ತಿದ್ದರು' ಭೂತಕಾಲ," ಅಂದರು. "ಸರಿ. ಈ 'ಇರುತ್ತಾರೆ' ಅನ್ನೋದು ಯಾವ ಕಾಲ?"

"ವರ್ತಮಾನ, ದೊಡ್ಡಪ್ಪ. ನಾವು ಮುಂದಿನದಕ್ಕೂ ಅದನ್ನೇ ಹೇಳ್ತೀವಲ್ಲ, ನಾಳೆ ಇರ್ತೀನಿ ಅಂತ."

ದೊಡ್ಡಪ್ಪ ಕೈ ಚಾಚಿ ತಡವಿದರು. ಮೊದಲು ಸಿಕ್ಕಿದ್ದು ಸುಳ್ಳು ತಕ್ಕಡಿ. ಅದರ ತಟ್ಟೆ ಅಲ್ಲಾಡುವುದನ್ನು ಎರಡು ಬೆರಳಿನಿಂದ ನಿಲ್ಲಿಸಿದರು.

"ಹಾಗಾದ್ರೆ ಬರಬೇಕಾಗುತ್ತೆ" ಅಂದರು.